ಗರಸಿನ ಗುಂಡಿಯ ಕಂಬಗಳು

ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಮದುವೆ, ಜವಳ, ಪಾಸ್‌ಪೋರ್ಟ್ ಸೈಜು, ಇಷ್ಟೇ. ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆ ಕಟ್ಟಲು ಶುರುವಾದ ಮೇಲೆ ಕಂಟ್ರಾಕ್ಟರನೊಬ್ಬ ಬಿಲ್ಲಿಗೆ ಬೇಕೆಂದು ಅಗೆದ ನೆಲದ ಫೋಟೊ ತೆಗೆಯಲು ಕರೆಸತೊಡಗಿದ. ಅಗೆದ ನೆಲದಲ್ಲಿ ನೋಡುವುದೇನು, ಮಣ್ಣಾಂಗಟ್ಟಿ! ಎಂದು ಬೈದುಕೊಂಡೇ ಹೋಗುತ್ತಿದ್ದೆ.

ಆ ದಿನ ಹೋದದ್ದು ಕಾರ್ಖಾನೆಯ ರಸ್ತೆಗೆಂದು ಗರಸುಮಣ್ಣು ತೆಗೆದ ಒಂದು ಹೊಲಕ್ಕೆ. ಎತ್ತ ನೋಡಿದರೂ ಗುಂಡಿ. ನಡುವೆ ಅಲ್ಲಲ್ಲಿ ಆಳೆತ್ತರದ ಮಣ್ಣಿನ ಕಂಬಗಳು, ತಲೆಯ ಮೇಲೆ ಹಳೆಯ ಹೊಲದ ಒಣಹುಲ್ಲು ಇದ್ದ ಹಾಗೇ. ಎಷ್ಟು ಆಳ ಅಗೆದಿದ್ದಾರೆಂದು ಅಳೆಯಲು ಮಣ್ಣು ಕೆಲಸದವರು ಹಾಗೆ ಬಿಡುತ್ತಾರೆ. ಅಳತೆ ಮುಗಿದ ಮೇಲೆ ಕಡಿದು ಹಾಕುತ್ತಾರೆ. ಮಟಮಟ ಮಧ್ಯಾಹ್ನ. ಗುಂಡಿಯಲ್ಲಿ ಒಂದಿಷ್ಟೂ ಗಾಳಿಯಿಲ್ಲ, ಮೇಲಿನ ಹುಲ್ಲು ಮಾತ್ರ ಅಲುಗುತ್ತಿತ್ತು. ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಕಂಬಗಳು ಬೆನ್ನು ಮಾಡಿ ನಿಂತ ಜನರ ಹಾಗೆ ಕಂಡವು. ಅಷ್ಟರಲ್ಲಿ ಅವುಗಳಲ್ಲೊಂದು ನಡೆಯಿತು. ಅಯ್ಯಯ್ಯೋ, ನನ್ನ ಎದೆ ಧಸಕ್ಕೆಂದಿತು.

ನಡೆದದ್ದು ಮೈತುಂಬ ಧೂಳಾದ ಒಬ್ಬ ಮುದುಕಿ. ಹೊಲ ಅವಳ ಗಂಡನದು. ಅವನು ತೀರಿಕೊಂಡಾಗ ಲಿಂಗಾಯತರ ಪದ್ಧತಿಯಂತೆ ಅಲ್ಲೇ ಕುಳ್ಳಿರಿಸಿ ಮಣ್ಣು ಮಾಡಿದ್ದರು. ಮಗ ಕಂಟ್ರಾಕ್ಟರನಿಗೆ ಗರಸು ಕೊಡುವಾಗ, ಸಮಾಧಿ ಮುಟ್ಟಬಾರದೆಂದು ಮಾತಾಗಿತ್ತಂತೆ. ಅವಳು ಹಿರೋಳ್ಳಿಯಲ್ಲಿ ಮಗಳ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಗುರುತಿನ ಕಲ್ಲೂ ಇಲ್ಲ, ಬದುವೂ ಇಲ್ಲ.

"ಇದ್ರಾಗ ನಮ್ಮವ್ರು ಎಲ್ಲಿ ಕುಂತಾರಪ್ಪ?" ಎಂದು ಕೂಲಿಗಳ ಮೇಸ್ತ್ರಿಯಾದ ಮುಕದ್ದಮನನ್ನು ಕೇಳಿದಳು.

"ಅವ್ವಾ, ನಾ ಈಗ ಬಂದಾಂವ. ಅಲ್ಲಾನ ಆಣಿ, ನನಗ ಮಾಲೂಮ್ ಇಲ್ರಿ."

ಅಗೆಯದೆ ಉಳಿದ ನೆಲವೆಂದರೆ ಆ ಕಂಬಗಳಷ್ಟೇ. ಅವಳು ಒಂದು ಕಂಬಕ್ಕೆ ವಿಭೂತಿ ಬಳಿದು ನನ್ನತ್ತ ತಿರುಗಿದಳು. "ಇವರ್ದು ಫೋಟೊ ತಗಿ ತಮ್ಮಾ." ಮರುಕ್ಷಣವೇ ಅನುಮಾನ ಬಂತು. ಇನ್ನೊಂದಕ್ಕೆ ಹೋದಳು, ಮತ್ತೊಂದಕ್ಕೆ ಹೋದಳು. ಕೊನೆಗೆ ಎಲ್ಲಕ್ಕೂ ವಿಭೂತಿ ಬಳಿದು, "ಎಲ್ಲಾರ್ದೂ ತಗಿ" ಎಂದಳು. ತೆಗೆದೆ.

ಕಂಬ ಕಡಿಯುವ ಹೊತ್ತಾಯಿತು. ಮುಕದ್ದಮ ಮನುಷ್ಯತ್ವ ಇದ್ದವನು. "ಹಗೂರಕ ಕಡೀರಿ. ಅವ್ವನ ಯಜಮಾನ್ರು ಸಿಕ್ರ, ಅಲ್ಲೇ ಮುಚ್ಚಿಬಿಡ್ರಿ" ಎಂದ. ಮೊದಲನೆಯದು ಬುಡದವರೆಗೂ ಬರೀ ಗರಸು. ಎರಡನೆಯದೂ ಅಷ್ಟೇ. ಗುದ್ದಲಿ ಬಿದ್ದಾಗೆಲ್ಲ ಅವಳು ಸೆರಗು ಕಚ್ಚಿಕೊಳ್ಳುತ್ತಿದ್ದಳು. ಕಡೆಯ ಕಂಬವೂ ಉರುಳಿತು. ಎಲುಬಿಲ್ಲ, ಹೂಳುವಾಗ ಸುತ್ತ ಇಟ್ಟ ವಿಭೂತಿಗಟ್ಟಿಯ ಒಂದು ಬಿಳಿ ಚೂರೂ ಇಲ್ಲ.

"ಹಂಗಾರ ಅವ್ರು ಎಲ್ಲಿ ಹೋದ್ರು?"

ಎಲ್ಲರ ಕಣ್ಣೂ ಗುಂಡಿಯಾಚೆಯ ಹೊಸ ರಸ್ತೆಯತ್ತ ಹೋದವು. ಈ ಹೊಲದ ಮಣ್ಣೆಲ್ಲ ಬಿದ್ದದ್ದು ಅಲ್ಲಿಗೇ. ಲಾರಿಯೊಂದು ಕೆಂಧೂಳೆಬ್ಬಿಸುತ್ತ ಹೋಯಿತು. ಅವಳೂ ನೋಡಿದಳು, ತಿಳಿದುಕೊಂಡಳು.

"ಅಫಜಲಪೂರ ಸಂತಿ ಬಿಟ್ರ ಎಲ್ಲಿಗೂ ಹೋದ ಮನಷ್ಯಾ ಅಲ್ಲ ತಮ್ಮಾ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅವಳ ಊರಿಗೆ ಇದ್ದದ್ದು ಅದೊಂದೇ ರಸ್ತೆ. ಅಂಚಿಗೆ ಬಂದು ಕಾಲೆತ್ತಿದಳು, ಹಿಂದಕ್ಕೆ ತೆಗೆದಳು. ಆಮೇಲೆ ಕೆಳಗಿನ ಎರೆಹೊಲಕ್ಕಿಳಿದು, ಮಣ್ಣು ಹಾಕಿ ಎತ್ತರಿಸಿದ ರಸ್ತೆಯ ಮಗ್ಗುಲಿಗೆ ಒಂದು ಕೈ ತಾಗಿಸಿಕೊಂಡು, ಮೆಲ್ಲಗೆ ಊರ ಕಡೆ ನಡೆದಳು. ನಾನು ಬಸ್ಸಿಗೆ ಕಾಯುತ್ತ ಆ ರಸ್ತೆಯ ಮೇಲೆಯೇ ನಿಂತಿದ್ದೆ. ಕಾಲ ಕೆಳಗೆ ನೋಡಿಕೊಂಡೆ. ನಾನೂ ಹೊಲಕ್ಕೆ ಹಾರಿದೆ.