ಕಾಲುವೆ ದಂಡೆಯ ಹುಲ್ಲು

ಮಾಲನಬಿ, ನಿಮ್ಮ ಮನೆಯ ಆಡುಗಳನ್ನು ಸಾಯಿಸಿದವನು ನಾನು. ಇಷ್ಟು ವರ್ಷ ನೀನು ಹೊತ್ತು ತಿರುಗಿದ ತಪ್ಪು ನನ್ನದು. ಇದನ್ನು ನಿನ್ನ ಮುಂದೆ ನಿಂತು ಹೇಳಬೇಕಾಗಿತ್ತು, ಹೇಳಲಿಲ್ಲ. ಸಂತೆಯಲ್ಲಿ ದಿನವಿಡೀ ಬಾಯಿ ಮಾಡಿ ಹೊಟ್ಟೆ ಹೊರೆದವನು ನಾನು — ಇದೊಂದು ಮಾತಿಗೆ ಮಾತ್ರ ನಾಲಗೆ ಏಳಲಿಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತು. ಕುರಿ-ಆಡಿನ ಸಂತೆಯಲ್ಲಿ ದಲ್ಲಾಳಿ. ಪ್ರಾಣಿಯ ಬಾಯಿಗೆ ಬೆರಳು ಹಾಕಿ ಹಲ್ಲು ನೋಡಿ ವಯಸ್ಸು ಹೇಳುವುದು, ಕೊಡುವವರನ್ನೂ ಕೊಳ್ಳುವವರನ್ನೂ ಒಂದು ಮಾತಿಗೆ ತರುವುದು. ಸುರಪುರದಿಂದ ಶಹಾಪುರದವರೆಗೆ ‘ಮಾನಪ್ಪ ಬಾಯಿ ನೋಡ್ಯಾನ’ ಎಂದರೆ ವ್ಯಾಪಾರ ಮುಗಿದಂತೆ. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲೇ ಹೇಳುತ್ತಿದ್ದೆ. ಆ ಜಂಬ ನನಗೆ ಬಹಳ ಇತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸಂತೆಯೇ ನನ್ನಪ್ಪನದು ಅನ್ನುವ ಹಾಗೆ ತಿರುಗುತ್ತಿದ್ದೆ.

ಕಾಲುವೆಗೆ ನೀರು ಬಂದ ಹೊಸತು ಅದು. ಹುಣಸಗಿ ಕಡೆಯೆಲ್ಲ ಹಸಿರಾಗುತ್ತಿತ್ತು, ಮೇವು ಸಿಗುತ್ತಿತ್ತು, ಹಾಗಾಗಿ ಆಡು ಕೊಳ್ಳುವವರೂ ಹೆಚ್ಚಾಗಿದ್ದರು. ಒಂದು ಸಂತೆಯಲ್ಲಿ ಮಾರದೆ ಉಳಿದದ್ದನ್ನು ವ್ಯಾಪಾರಿಗಳು ಮನೆಗೆ ಒಯ್ಯುತ್ತಿರಲಿಲ್ಲ. ಟೆಂಪೋದಲ್ಲಿ ತುಂಬಿ ಮುಂದಿನ ಸಂತೆಗೆ ತರುತ್ತಿದ್ದರು, ಅಲ್ಲೂ ಉಳಿದರೆ ಅದರ ಮುಂದಿನದಕ್ಕೆ. ಬೇರೆ ಬೇರೆ ಊರಿನ ಆಡುಗಳು ಆ ಟೆಂಪೋದಲ್ಲಿ ಮೂಗಿಗೆ ಮೂಗು ತಾಗಿಸಿಕೊಂಡು, ಒಂದರ ಉಸಿರು ಇನ್ನೊಂದು ಕುಡಿಯುತ್ತ ಬರುತ್ತಿದ್ದವು. ಅದರಲ್ಲಿ ಏನೂ ತಪ್ಪು ನಮಗೆ ಕಾಣಿಸುತ್ತಿರಲಿಲ್ಲ. ಅಥವಾ — ಕಾಣಿಸುತ್ತಿತ್ತು, ನೋಡುತ್ತಿರಲಿಲ್ಲ.

ಹಾಗೆ ಬಂದ ಒಂದು ಗಬ್ಬದ ಆಡನ್ನು ನಿನ್ನ ಅತ್ತೆ ಹುಸೇನಬಿ ಮೆಚ್ಚಿದಳು. ಕರಿ ಆಡು, ಕಿವಿ ಮಾತ್ರ ಬಿಳಿ. ತಂದವರು ಯಾದಗಿರಿ ಕಡೆಯ ನನ್ನ ಬೀಗರು. ಮಗಳನ್ನು ಅವರ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.

ನಾನು ಬಾಯಿಗೆ ಬೆರಳು ಹಾಕಿದೆ. ಬಾಯಿ ಸುಡುತ್ತಿತ್ತು. ಒಸಡಿನ ಮೇಲೆ, ತುಟಿಯ ಒಳಗೆ ಬೆರಳಿಗೆ ತರಿತರಿಯಾಗಿ ಹುಣ್ಣು ಸಿಕ್ಕವು. ಕೈ ಹೊರತೆಗೆದಾಗ ಕೊಳೆತ ವಾಸನೆ. ಮೂಗನ್ನು ಯಾರೋ ಆಗಷ್ಟೇ ಚೆನ್ನಾಗಿ ಒರೆಸಿದ್ದರು. ನಮ್ಮ ಹಿರಿಯರು ಹಿರೇಬ್ಯಾನಿ ಎನ್ನುತ್ತಿದ್ದರಲ್ಲ, ಹಿಂಡಿಗೆ ಹಿಂಡನ್ನೇ ಎತ್ತಿಕೊಂಡು ಹೋಗುವ ಬೇನೆ — ಅದರ ಮೊದಲ ಗುರುತು ಇದೇ ಎಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದದ್ದಕ್ಕೇ ಅಲ್ಲವೇ ಜನ ನನ್ನನ್ನು ಕರೆಯುತ್ತಿದ್ದದ್ದು?

ಬೀಗರ ಮುಖ ನೋಡಿದೆ. ತುಂಬಿದ ಸಂತೆಯಲ್ಲಿ ಅವರ ಮಾಲು ರೋಗದ್ದು ಎಂದು ನಾನೇ ಹೇಳಿದರೆ...

“ನಾಕ್ ಹಲ್ಲ. ಬಾಯಿ ಸ್ವಚ್ಛ ಐತಿ,” ಎಂದೆ.

ಅಷ್ಟಕ್ಕೇ ಮುಗಿದಿದ್ದರೂ ನಿಮ್ಮ ಹಿಂಡು ಉಳಿಯುತ್ತಿತ್ತೇನೋ. ನಿನ್ನ ಅತ್ತೆಗೆ ಒಂದು ಪದ್ಧತಿ ಇತ್ತು — ಹೊಸದಾಗಿ ತಂದ ಪ್ರಾಣಿಯನ್ನು ಕೆಲವು ದಿನ ಬೇವಿನ ಗಿಡದ ಕೆಳಗೆ ಒಂಟಿಯಾಗಿ ಕಟ್ಟಿ, ಆಮೇಲೆ ದೊಡ್ಡಿಗೆ ಬಿಡುತ್ತಿದ್ದಳು. ಅದನ್ನು ನೋಡಿ ನಾವು ಸಂತೆಯವರು ನಗುತ್ತಿದ್ದೆವು, ಹುಸೇನಬಿ ಆಡಿಗೂ ಬಾಣಂತನ ಮಾಡ್ತಾಳ ಎಂದು. ಆ ದಿನವೂ ಹಗ್ಗ ಕೈಗೆ ತೆಗೆದುಕೊಳ್ಳುತ್ತ ಕೇಳಿದಳು:

“ತಮ್ಮಾ, ಬಾಯಿ ನೀ ನೋಡಿದಿ ಅಂದ್ರ ನನಗ ಚಿಂತಿ ಇಲ್ಲ. ಆದ್ರೂ ಸ್ವಲ್ಪ ದಿನ ಬ್ಯಾರೆ ಕಟ್ಟಲೇನು?”

ಬೀಗರು ಕೇಳಿಸಿಕೊಳ್ಳುತ್ತಿದ್ದರು. ಹೂಂ ಅಂದರೆ ಅವರ ಮಾಲಿನ ಮೇಲೆ ಅನುಮಾನಪಟ್ಟಂತಾಗುತ್ತಿತ್ತು.

“ಯಾಕ ಬೇಕು ಅಕ್ಕಾ? ಸೀದಾ ಹಿಂಡಿನಾಗ ಬಿಡು. ಏನೂ ಆಗಂಗಿಲ್ಲ.”

ಅವಳು ಬಿಟ್ಟಳು. ಅಂಥ ಗಟ್ಟಿ ಹೆಂಗಸು, ಯಾರ ಮಾತೂ ಕೇಳದವಳು, ನನ್ನ ಮಾತು ಕೇಳಿದಳು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಅವತ್ತು ಸಂತೆ ಮುಗಿಸಿ ಬಂದವನು ಮನೆಯೊಳಗೆ ಹೋಗುವ ಮೊದಲು ಹಿತ್ತಲಲ್ಲಿ ಬೂದಿ ಹಚ್ಚಿ ಮೊಳಕೈವರೆಗೆ ಕೈ ತಿಕ್ಕಿದೆ. ಧೋತರ ಬಿಚ್ಚಿ ನೀರಿಗೆ ಹಾಕಿದೆ. ಆಮೇಲೆ ನಮ್ಮ ಆಡುಗಳಿಗೆ ಮೇವು ಹಾಕಿದೆ. ಗೊತ್ತಿಲ್ಲದೆ ಆಯಿತು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಈ ಬೂದಿ ಹಚ್ಚಿದ ಕೈ ಎದುರಿಗೆ ಬರುತ್ತದೆ. ನನ್ನ ಆಡು ಉಳಿಯಬೇಕೆಂಬ ಎಚ್ಚರ ಇತ್ತು. ನಿಮ್ಮ ಆಡುಗಳ ಬಗ್ಗೆ ಇರಲಿಲ್ಲ. ತೊಳೆಯುವ ಮೊದಲು ಅದೇ ಬೆರಳನ್ನು ಆ ಸಂತೆಯಲ್ಲಿ ಇನ್ನೆಷ್ಟು ಬಾಯಿಗೆ ಹಾಕಿದ್ದೆನೋ — ಅವು ಯಾವ ಊರಿಗೆ ಹೋದವೋ, ನಾನು ವಿಚಾರಿಸಲಿಲ್ಲ. ವಿಚಾರಿಸಲು ಹೆದರಿದೆ.

ಎರಡು ವಾರ ಕಳೆಯುವುದರೊಳಗೆ ನಿನ್ನ ಗಂಡ ಬಂದು ಕರೆದ. ಬಾಯಿ ನೋಡುವವನಲ್ಲವೇ ನಾನು, ನನ್ನನ್ನೇ ಕರೆದರು. ಕರಿ ಆಡು ಆಗಲೇ ದಿನ ತುಂಬದ ಮರಿ ಹಾಕಿ ಸತ್ತಿತ್ತು. ಉಳಿದವು ಕಣ್ಣು ಮೂಗು ಸುರಿಸುತ್ತ, ಉಚ್ಚಿಕೊಳ್ಳುತ್ತ ಗೋಡೆಗೆ ಒರಗಿದ್ದವು. ನಿನ್ನ ತವರಿನಿಂದ ತಂದಿದ್ದ ಕಂದು ಆಡು, ನಿನ್ನ ಧ್ವನಿ ಕೇಳಿ ಏಳಲು ನೋಡಿತು, ಆಗಲಿಲ್ಲ. ನಾನು ದೊಡ್ಡಿಯೊಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ, ಏನು ಮೇಯಿಸಿದಿರಿ ಎಂದು. ಓಣಿಯವರೆಲ್ಲ ಸೇರಿದ್ದರು.

“ಕಾಲುವಿ ದಂಡಿಗಿ ಹೊಡಕೊಂಡು ಹೋಗಿದ್ನಿರಿ ಮಾಮಾ. ಹುಲ್ಲು ಚೊಲೊ ಇತ್ರಿ,” ಎಂದೆ ನೀನು.

ನಾನು ಅದನ್ನು ಗಪ್ಪನೆ ಹಿಡಿದುಕೊಂಡೆ. “ಹಸಿ ಹುಲ್ಲು ಹೊಟ್ಟಿ ಕೆಡಿಸೈತಿ,” ಎಂದುಬಿಟ್ಟೆ.

“ಗುಡ್ಡಕ್ಕ ಹೋಗಾಕ ಬ್ಯಾಸರ ಈಕೀಗಿ! ಮೈಗಳ್ಳಿ!” ಎಂದು ನಿನ್ನ ಅತ್ತೆ ಹಣೆ ಬಡಿದುಕೊಂಡಳು. ನೀನು ಮದುವೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದೆ — ಮಾಮಾ ಏನಾದರೂ ಅಂದಾರು ಎಂದು. ಮಾಮಾ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದು ಹೊರಟ.

ಒಂದೂ ಉಳಿಯಲಿಲ್ಲ. ನೆರೆಯವರ ಕುರಿಗಳಿಗೂ ಹತ್ತಿತು. ಅದನ್ನೂ ಜನ ಕಾಲುವೆ ಹುಲ್ಲಿನ ಲೆಕ್ಕಕ್ಕೇ ಹಾಕಿದರು. ಹುಲ್ಲು ಒಂದು ದೊಡ್ಡಿಯಿಂದ ಇನ್ನೊಂದು ದೊಡ್ಡಿಗೆ ಹೇಗೆ ಹಾರೀತು ಎಂದು ಯಾರೂ ಕೇಳಲಿಲ್ಲ. ನಿನಗೆ ಮಾತ್ರ ಹೆಸರು ಬಿತ್ತು. ಅತ್ತೆ ಬದುಕಿರುವವರೆಗೂ ಮನೆಯಲ್ಲಿ ಏನು ಕೆಟ್ಟರೂ, ಹಾಲು ಉಕ್ಕಿದರೂ, ಆ ಮಾತು ಎತ್ತುತ್ತಿದ್ದಳೆಂದು ಕೇಳಿದ್ದೇನೆ. ಅವಳು ಹಾಗೇ ಸತ್ತಳು, ನಿನ್ನನ್ನು ತಪ್ಪು ತಿಳಿದೇ. ಅದನ್ನು ಸರಿಪಡಿಸುವ ದಾರಿ ಈಗ ನನಗೂ ಇಲ್ಲ.

ಎಷ್ಟೋ ವರ್ಷದ ಮೇಲೆ ನಮ್ಮೂರಿಗೆ ಲಸಿಕೆ ಹಾಕಲು ಬಂದ ದನದ ಡಾಕ್ಟರು ಕಟ್ಟೆಯ ಮೇಲೆ ಕುಳಿತು ವಿವರಿಸಿದರು. ಇದು ವೈರಸ್ಸಿನ ಬೇನೆ, ಸಂತೆಯಿಂದ ಸಂತೆಗೆ ತಿರುಗುವ ಆಡು-ಕುರಿಯ ಸಂಗಡವೇ ತಿರುಗುತ್ತದೆ, ತಂದದ್ದನ್ನು ಕೆಲವು ವಾರ ಬೇರೆ ಕಟ್ಟಿರಿ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಹುಸೇನಬಿಯ ಬೇವಿನ ಗಿಡ ನೆನಪಾಗಿ ಎದ್ದು ಮನೆಗೆ ಬಂದೆ. ಅದಾದ ಮೇಲೆ ಸಂತೆಗೆ ಹೋಗುವುದನ್ನು ಬಿಟ್ಟೆ. ಕಣ್ಣು ಮಂದ ಎಂದು ಜನರಿಗೆ ಹೇಳಿದೆ.

ಆಗಲೂ ನಿನ್ನ ಹತ್ತಿರ ಬರಲಿಲ್ಲ. ಮೊನ್ನೆ ನಿಮ್ಮೂರ ನಿಲ್ದಾಣದಲ್ಲಿ ಹುಣಸಗಿ ಬಸ್ಸು ಕಾಯುತ್ತಿದ್ದಾಗ ನೀನು ಗುಡ್ಡದಿಂದ ಆಡು ಹೊಡೆದುಕೊಂಡು ಇಳಿದು ಬಂದೆ. ತಲೆ ನರೆತಿತ್ತು. ಒಂದೊಂದು ಕಲ್ಲಿಗೂ ಮೊಳಕಾಲು ಹಿಡಿದುಕೊಳ್ಳುತ್ತಿದ್ದೆ.

“ಯಾಕವ್ವಾ, ಕಾಲುವಿ ದಂಡಿ ಮನಿ ಮುಂದನ ಹಸರಾಗಿ ಬಿದ್ದೈತಿ, ಈ ಕಾಲ ತಗೊಂಡು ಗುಡ್ಡ ಯಾಕ ಹತ್ತತಿ?”

“ಬ್ಯಾಡ್ರಿ ಮಾಮಾ. ಒಮ್ಮಿ ನನ್ನ ಕೈಲೇ ಸತ್ತಾವು. ಮತ್ತ ಆ ಪಾಪ ಬ್ಯಾಡ. ಬರ್ರಿ, ಚಾ ಕುಡದು ಹೋಗ್ರಿ.”

ನಿನ್ನ ಮಾತಿನಲ್ಲಿ ಸಿಟ್ಟಿರಲಿಲ್ಲ. ಊರು ಹೇಳಿದ್ದನ್ನು ನೀನೂ ನಂಬಿಬಿಟ್ಟಿದ್ದೆ. ಬಸ್ಸು ಬಂತು, ನಾನು ಹತ್ತಿದೆ — ಹೌದು, ಮತ್ತೊಮ್ಮೆ.

ಬರುವ ಶುಕ್ರವಾರ ನಮಾಜ್ ಮುಗಿಸಿ ನಿಮ್ಮ ಓಣಿಯ ಜನ ಹೊರಗೆ ಬರುವ ಹೊತ್ತಿಗೆ ಬರುತ್ತೇನೆ. ಯಾವ ಬಾಗಿಲಲ್ಲಿ ಆ ಸುಳ್ಳು ಹೇಳಿದ್ದೆನೋ ಅಲ್ಲೇ ನಿಂತು, ನಿನ್ನ ಮಗ-ಸೊಸೆ ಕೇಳುವಂತೆ ಇಷ್ಟನ್ನೂ ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಲ್ಲಿಯವರೆಗೆ ಗುಡ್ಡ ಹತ್ತಬೇಡ. ಆ ಹುಲ್ಲು ಒಳ್ಳೆಯದೇ ಇತ್ತು, ಮಾಲನಬಿ. ನೀನು ಸರಿಯಾಗಿಯೇ ಮೇಯಿಸಿದ್ದೆ.