ಮಾರ್ಚ್ ಹದಿನೈದರ ಅರ್ಧ ಕಪ್ಪು

ಒಳ್ಳೆಯ ದಿನ, ಕೆಟ್ಟ ದಿನ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾರಣ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಅಮ್ಮನಿಗೆ ಎದೆನೋವು ಬಂದಾಗ, ರಾಹುಕಾಲ ಕಳೆಯಲಿ ಎಂದು ಅಪ್ಪ ಆಟೋ ಕರೆಯದೆ ಒಂದೂವರೆ ಗಂಟೆ ಕಾದರು. ರಾಹುಕಾಲ ಕಳೆಯಿತು, ಅಮ್ಮನೂ ಹೋದಳು. ಪಂಚಾಂಗ ಹರಿದು ಒಲೆಗೆ ಹಾಕಿದವನು ನಾನು. ಇಂಥವನು ಈ ಕಥೆ ಹೇಳುತ್ತಿದ್ದಾನೆ ಎಂದು ನೀವು ನಗಬಹುದು. ನಗಿ.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ದೂರದೇಶದ ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿ ಹಾಲು ಪರೀಕ್ಷಿಸುವ ಕೆಲಸದಲ್ಲಿದ್ದೆ. ಪಕ್ಕದ ಮನೆಯ ಮಾರ್ಗರೆಟ್ ಲ್ಯಾಟಿನ್ ಕಲಿಸಿ ನಿವೃತ್ತರಾಗಿ ಒಬ್ಬರೇ ಇದ್ದರು. ನಾವು ಆಂಟಿ ಎನ್ನುತ್ತಿದ್ದೆವು. ನಡುರಾತ್ರಿ ನನ್ನ ಹೆಂಡತಿ ಸುಮಾಳನ್ನು ಹೆರಿಗೆಗೆ ಕಾರಿನಲ್ಲಿ ಕರೆದೊಯ್ದವರು ಅವರೇ. ಗಳಿಗೆ ನೋಡಿರಲಿಲ್ಲ.

ಅವರಿಗೂ ಒಂದು ದಿನವಿತ್ತು, ಮಾರ್ಚ್ ಹದಿನೈದು. ಹಳೆಯ ರೋಮನ್ನರು ಅದನ್ನು ಮಾರ್ಚಿನ ಐಡ್ಸ್ ಎನ್ನುತ್ತಿದ್ದರಂತೆ, ಅಂದರೆ ತಿಂಗಳ ನಡುವಿನ ದಿನ. ರೋಮಿನ ಸರ್ವಾಧಿಕಾರಿಯನ್ನು ಹತ್ತಿರದವರೇ ಇರಿದು ಕೊಂದದ್ದು ಅಂದೇ. ಎರಡು ಸಾವಿರ ವರ್ಷವಾದರೂ ಇಂಗ್ಲಿಷಿನವರ ಬಾಯಲ್ಲಿ ಅದು ಅಪಶಕುನದ ದಿನ. ಆಂಟಿಗೆ ಆ ಕೊಲೆಯ ಗೊಡವೆ ಇರಲಿಲ್ಲ. ಅದಕ್ಕೂ ಮೊದಲೇ ಅದು ಹಬ್ಬವಾಗಿತ್ತು, ಇನ್ನೆಷ್ಟು ವರ್ಷ ಬದುಕಬೇಕೋ ಅಷ್ಟು ಬಟ್ಟಲು ದ್ರಾಕ್ಷಾರಸವನ್ನು ಜನ ನದಿದಂಡೆಯಲ್ಲಿ ಕುಡಿಯುತ್ತಿದ್ದರು ಎನ್ನುತ್ತಿದ್ದರು. ಅವರೂ ವರ್ಷವರ್ಷ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನದಿಗೆ ಹೋಗುತ್ತಿದ್ದರು.

ಮಗಳಿಗೆ ಎರಡು ತಿಂಗಳಾದ ಆ ಮಾರ್ಚಿನಲ್ಲಿ ನನ್ನನ್ನೂ ಕರೆದರು. ಬೆಳಗಿನ ಹೊತ್ತು, ಬೆಂಚಿನ ಮೇಲೆ ಕೂತೆವು. ಮೊದಲ ಕಪ್ಪು ಬಗ್ಗಿಸಿಕೊಂಡು, ಈ ಸಲ ಐದು ಕಪ್ಪು ಕುಡಿಯುತ್ತೇನೆ, ನಿನ್ನ ಮಗಳು ಐದು ತುಂಬಿ ಸ್ಕೂಲಿಗೆ ಹೋಗುವುದನ್ನು ನೋಡಬೇಕು ಎಂದರು.

ನನಗೆ ಅಪ್ಪ ಗಡಿಯಾರ ನೋಡುತ್ತ ಕೂತದ್ದು ನೆನಪಾಯಿತು. ಸಮುದ್ರ ದಾಟಿ ಬಂದರೂ ಇದೇ ಕರ್ಮವೇ ಎಂದು ರೇಗಿಹೋಯಿತು. ಅವರ ಕೈಯಿಂದ ಕಪ್ಪು ಕಿತ್ತುಕೊಂಡು ಫ್ಲಾಸ್ಕಿನ ಮುಚ್ಚಳಕ್ಕೆ ಅರ್ಧ ಸುರಿದೆ. "ನಮ್ಮೂರಲ್ಲಿ ಕಾಫಿ ಬೈ-ಟು, ಆಂಟಿ" ಎಂದೆ. ಫ್ಲಾಸ್ಕಿನಲ್ಲಿ ಉಳಿದದ್ದನ್ನೆಲ್ಲ ಕಲ್ಲಿನ ಮೇಲೆ ಚೆಲ್ಲಿದೆ.

ಅವರು ಬೈಯಲಿಲ್ಲ. ಖಾಲಿ ಫ್ಲಾಸ್ಕನ್ನು ನೋಡಿ, "ಹಾಗಾದರೆ ಅರ್ಧ ವರ್ಷ" ಎಂದು ತಮ್ಮ ಪಾಲು ಕುಡಿದರು. ಹಟಕ್ಕೆ ನಾನೂ ಕುಡಿದೆ.

ಸೆಪ್ಟೆಂಬರ್ ಹದಿನೈದರ ಬೆಳಗ್ಗೆ ಅವರ ಕಿಟಕಿಯ ಪರದೆ ಸರಿಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ, ಹಿಂದಿನ ದಿನವಷ್ಟೇ ಸೈಕಲ್ಲಿನಲ್ಲಿ ಹೋಗಿ ಬ್ರೆಡ್ ತಂದಿದ್ದರು. ಸರಿಯಾಗಿ ಆರು ತಿಂಗಳು.

"ಸುಮ್ನಿರಿ, ವಯಸ್ಸಾಗಿತ್ತು ಅವ್ರಿಗೆ. ಕಾಫಿಗೂ ಸಾವಿಗೂ ಏನ್ರೀ ಸಂಬಂಧ?" ಎಂದಳು ಸುಮಾ. ಬೇರೆಯವರು ಇಂಥ ಕಥೆ ಹೇಳಿದ್ದರೆ ನಾನೂ ಇದನ್ನೇ ಅನ್ನುತ್ತಿದ್ದೆ. ಆದರೂ ಸಿಟ್ಟು ಇಳಿಯಲಿಲ್ಲ. ಆ ಹಾಳು ರೋಮನ್ನರ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ನಂಬಿದರೆ ಅವರ ಆಯಸ್ಸು ಚೆಲ್ಲಿದವನು ನಾನು. ನಂಬದಿದ್ದರೆ ಆ ತಾರೀಖಿಗೆ ಏನು ಹೇಳಲಿ? ಅದೇ ಕಪ್ಪಿನ ಇನ್ನರ್ಧ ಕುಡಿದ ನಾನು ಇಂದಿಗೂ ಗಟ್ಟಿಯಾಗಿದ್ದೇನಲ್ಲ, ಅದಕ್ಕೆ ಏನು ಹೇಳಲಿ?

ಮಗಳು ಸ್ಕೂಲಿಗೆ ಸೇರಿದ ಬೆಳಗ್ಗೆ ಇದ್ದ ಕಾಫಿಯನ್ನೇ ಸುಮಾ ಎರಡು ಲೋಟಕ್ಕೆ ಹಂಚಿದಳು. ನಾನು ಎದ್ದು, ನನ್ನ ಲೋಟದ್ದನ್ನೆಲ್ಲ ಅವಳ ಲೋಟಕ್ಕೆ ಸುರಿದು ಅಂಚಿನವರೆಗೆ ತುಂಬಿಸಿದೆ.