ನೀರಿಗೆ ಹೆಪ್ಪು ಹಾಕುವ ದ್ರಾಕ್ಷಾಯಿಣಿ

ಮಮದಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಡಸಾಲೆಯ ಮೂಲೆಯಲ್ಲಿರುವ ಗಾಜಿನ ತೊಟ್ಟಿಯ ಮುಂದೆ ಕುಳಿತು ದ್ರಾಕ್ಷಾಯಿಣಿ ಸಣ್ಣ ಪೈಪಿನಿಂದ ನೀರನ್ನು ಬಕೆಟ್ಟಿಗೆ ಇಳಿಸುತ್ತಿದ್ದಾರೆ. ತೊಟ್ಟಿಯೊಳಗೆ ಹಸಿರು ಹುಲ್ಲು ದಟ್ಟವಾಗಿ ಬೆಳೆದಿದೆ. ಆ ಹುಲ್ಲಿನ ಸಂದಿಯಲ್ಲಿ ಆಡಬೇಕಾದ ಗಪ್ಪಿ ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಹಳೆಯ ನೀರು ಅರ್ಧ ಇಳಿದ ಮೇಲೆ ಹೊಸ ನೀರನ್ನು ಚರಿಗೆಯಲ್ಲಿ ತೆಗೆದು, ಅಂಗೈ ಅಡ್ಡ ಹಿಡಿದು, ಅದರ ಮೇಲಿಂದ ಮೆಲ್ಲಗೆ ಜಾರಿಸುತ್ತಾರೆ. ರಭಸಕ್ಕೆ ಸಸಿಯ ಬೇರು ಕಿತ್ತು ಬರಬಾರದು.

"ನೀರ ಬದಲ ಮಾಡಿ ಮಾಡಿ ಹೆಂಗೋ ತಡದೇನ್ರಿ," ಎನ್ನುತ್ತಾರೆ. "ಇವತ್ತ ಹೆಪ್ಪ ಸಿಗಲಿಲ್ಲಂದ್ರ ಇವು ಉಳಿಯೂದು ಕಷ್ಟ ಐತಿ."

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಸಸಿ ನೆಟ್ಟ ಮೀನಿನ ತೊಟ್ಟಿ ಕಟ್ಟಿಕೊಡುವುದು ದ್ರಾಕ್ಷಾಯಿಣಿಯ ಕೆಲಸ. ಗೊಬ್ಬರ ಕಾಣದ ಬದುವಿನ ಮಣ್ಣನ್ನು ಜರಡಿ ಹಿಡಿದು ತಳಕ್ಕೆ ಹಾಸುತ್ತಾರೆ. ಮೇಲೆ ಚೆನ್ನಾಗಿ ತೊಳೆದ ಉಸುಕು. ಚಿಮಟದಲ್ಲಿ ಒಂದೊಂದೇ ಎಳೆ ಸಸಿ ಹಿಡಿದು ನೆಡುತ್ತಾರೆ. ಅಷ್ಟಾದರೂ ಮೀನು ಬಿಡುವುದಿಲ್ಲ. ತಮ್ಮ ತೊಟ್ಟಿಯಲ್ಲಿ ಗಾಳಿಯ ಮೋಟಾರಿಗೆ ಹಚ್ಚಿದ ಸ್ಪಂಜಿನ ಮುದ್ದೆಯಿಂದ ಒಂದು ತುಂಡು ತಂದು ಹೊಸ ನೀರಿಗೆ ಹಾಕುತ್ತಾರೆ. ಆ ಕಂದು ಮುದ್ದೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೊಲಸನ್ನು ತಿಂದು ನೀರನ್ನು ಕಾಯುವವು ಅವೇ. ದ್ರಾಕ್ಷಾಯಿಣಿ ಅದಕ್ಕೆ ಇಟ್ಟ ಹೆಸರು ಹೆಪ್ಪು. ಹಾಲು ಮೊಸರಾಗಲು ಕಾಯುವ ಹಾಗೆ ನೀರು ಪಕ್ವವಾಗಲೂ ಕಾಯಬೇಕು.

ಈ ತಾಳ್ಮೆ ಬಂದದ್ದು ನೋವಿನಿಂದ. ಮೊದಲು ಗೋಕಾಕದ ಒಂದು ಮೀನಿನ ಅಂಗಡಿಯಲ್ಲಿ ಕಸ ಹೊಡೆಯುವ ಕೆಲಸಕ್ಕಿದ್ದರು. "ಮುಂಜಾನೆ ಹೋದಕೂಡ್ಲೆ ಸತ್ತ ಮೀನ ಬಲ್ಯಾಗ ತಗದ ಒಗಿಯೂದು. ಒಂದ ದಿನಾನೂ ಅದು ತಪ್ಪಲಿಲ್ರಿ. ಜೀವ ಮಾರಾಕತ್ತೇವೋ, ಏನ ಮಾಡಾಕತ್ತೇವೋ ಅನಿಸ್ತು." ಕೆಲಸ ಬಿಟ್ಟು ಮನೆಯಲ್ಲಿ ಸ್ವಂತ ತೊಟ್ಟಿ ಕಟ್ಟಿದರು. ಗಂಡ ದುಂಡೇಶ ವರ್ಷದ ಹೆಚ್ಚಿನ ಕಾಲ ಕುರಿಹಿಂಡಿನ ಜೊತೆ ದೂರದ ಹೊಲಗಳಲ್ಲಿರುತ್ತಾರೆ. ಕುರಿ ಕಾಯುವ ಮನೆಯ ಸೊಸೆ ಮೀನು ಕಾಯಲು ಹೋದಳು ಎಂದು ಓಣಿ ನಕ್ಕಿತು. ನಗು ನಿಂತಿತು, ಕೆಲಸ ನಿಲ್ಲಲಿಲ್ಲ.

ಈ ಸಲ ಎಡವಟ್ಟಾದದ್ದು ಮಹಾನವಮಿಯ ಮುಂಚೆ. ಹಬ್ಬಕ್ಕೆ ಈ ಕಡೆ ಮನೆಯ ಕೌದಿ, ಹಾಸಿಗೆ, ಪಾತ್ರೆ ಎಲ್ಲವನ್ನೂ ತೊಳೆಯುವ ರೂಢಿ. ಸೊಸೆ ಮೂಡಲಗಿಗೆ ಹೋಗಿದ್ದಾಗ ಅತ್ತೆ ಫಕೀರವ್ವ ತೊಟ್ಟಿಯ ಮುದ್ದೆಯನ್ನೂ ಬಿಡಲಿಲ್ಲ.

"ಇಷ್ಟ ಹೊಲಸ ಮುದ್ದಿ ನೀರಾಗ ಯಾಕ ಇಟ್ಟಾಳಂತ ಸಬಕಾರ ಹಚ್ಚಿ ತಿಕ್ಕೀದೆ," ಎನ್ನುತ್ತಾರೆ ಫಕೀರವ್ವ, ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತು. "ಬಿಸಲಿಗೂ ಹಾಕೀದೆ."

"ಹಬ್ಬಕ್ಕ ಹೆಪ್ಪಿನ ಗಡಗೀನ ತೊಳದ ಬೋರಲ ಹಾಕಿದಂಗ ಆತ್ರಿ ಅತ್ತಿ."

"ದಿನಾ ಇದ ಮಾತ ಆಡ. ನನಗೇನ ಗೊತ್ತಿತ್ತವ್ವ, ಹೊಲಸಿನಾಗೂ ದೇವರ ಇರತಾನಂತ." ಆಮೇಲೆ ಕೇಳುತ್ತಾರೆ: "ಈಗ ಯಾರ ಮನಿಗೆ ಹೊಂಟಿ?"

"ಹುಕ್ಕೇರಿಗ್ರಿ, ಆಮ್ರಪಾಲಿ ಅಕ್ಕಾರ ಮನಿಗೆ."

ಫಕೀರವ್ವ ಅಂಗಳ ಗುಡಿಸಲು ಹೋಗುತ್ತಾರೆ. ಈ ಮನೆಯಲ್ಲಿ ಹೆಪ್ಪಿಗೆ ಎರಡು ಕಟ್ಟಳೆಗಳಿವೆ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವಂತಿಲ್ಲ, ತರುವಂತಿಲ್ಲ. ತಮ್ಮವರಲ್ಲದವರ ಮನೆಯ ಹೆಪ್ಪನ್ನಂತೂ ಮುಟ್ಟುವಂತೆಯೇ ಇಲ್ಲ. ಆಮ್ರಪಾಲಿಯವರದು ಬೌದ್ಧ ಮನೆತನ.

ಹುಕ್ಕೇರಿಯಲ್ಲಿ ನರ್ಸ್ ಆಗಿರುವ ಆಮ್ರಪಾಲಿಯವರ ತೊಟ್ಟಿಯೇ ದ್ರಾಕ್ಷಾಯಿಣಿ ಹೊರಗೆ ಕಟ್ಟಿದ ಮೊದಲನೆಯದು. ಹೊಸ ತೊಟ್ಟಿಗಳ ಮುದ್ದೆ ಕತ್ತರಿಸಿದರೆ ಅಲ್ಲಿನ ಮೀನುಗಳಿಗೇ ತ್ರಾಸ. ಇದು ಹಳೆಯದು, ಬಲವಾದದ್ದು. ಬಾಗಿಲ ಬಳಿ ಬುದ್ಧನ ಪುಟ್ಟ ಮೂರ್ತಿ, ಅದರ ಪಕ್ಕದಲ್ಲೇ ತೊಟ್ಟಿ. ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದ ಆಮ್ರಪಾಲಿ ವಿಷಯ ಕೇಳಿ ನಗುತ್ತಾರೆ.

"ನಿನ್ನ ಮನೀಂದ ಬಂದದ್ದ ನೀ ಕೇಳಾಕ ಇಷ್ಟ ಯಾಕ ಹಿಂಜರೀತಿ? ಪೂರಾ ಒಯ್ಯ."

"ಬ್ಯಾಡ್ರಿ ಅಕ್ಕಾರ, ಅರ್ಧ ಸಾಕು. ನಿಮ್ಮ ಮೀನ ನನ್ನ ಬೈದಾವು."

ಕತ್ತರಿಸಿದ ತುಂಡನ್ನು ಅದೇ ತೊಟ್ಟಿಯ ನೀರಿನೊಂದಿಗೆ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ದ್ರಾಕ್ಷಾಯಿಣಿ ಬಸ್ಸು ಹತ್ತುತ್ತಾರೆ. ಡಬ್ಬಿ ತೊಡೆಯ ಮೇಲಿದೆ. ಆಗಾಗ ಮುಚ್ಚಳ ತೆಗೆದು ಗಾಳಿ ಆಡಿಸುತ್ತಾರೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು "ಬುತ್ತಿ ಕೆಟ್ಟೈತೇನ ಯವ್ವಾ?" ಎಂದು ಮೂಗು ಮುಚ್ಚಿಕೊಳ್ಳುತ್ತಾಳೆ. ಗೋಕಾಕದಲ್ಲಿ ಊರಿನ ಬಸ್ಸು ತಪ್ಪುತ್ತದೆ. ಸಿಕ್ಕ ಟಂಟಂ ಆಟೊ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತದೆ. ಮಮದಾಪುರ ಮುಟ್ಟುವಾಗ ಕತ್ತಲು ಕವಿದಿದೆ, ಓಣಿಯ ಮನೆಗಳಲ್ಲೆಲ್ಲ ದೀಪ ಬೆಳಗುತ್ತಿವೆ.

ಫಕೀರವ್ವನ ದೇವರ ಗೂಡಿನಲ್ಲಿ ಮಾತ್ರ ದೀಪವಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಸಂಜೆಯೂ ಹೊತ್ತು ಮೀರಿಸದ ಆಕೆ, ಎಣ್ಣೆ ಹಾಕಿ, ಬತ್ತಿ ಹೊಸೆದಿಟ್ಟು, ಕಡ್ಡಿಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದಾರೆ.

"ಯಾಕ್ರಿ ಅತ್ತಿ, ದೀಪ ಹಚ್ಚಿಲ್ಲ?"

"ಹಚ್ಚಿದ್ರ ನೀ ಹೆಪ್ಪ ಹೆಂಗ ಒಳಗ ತರತಿದ್ದಿ?"

ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಆಮ್ರಪಾಲಿಯ ಮನೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಮುದ್ದೆ ತೊಟ್ಟಿಗೆ ಇಳಿಯುತ್ತದೆ, ಗುಳ್ಳೆಗಳು ಏಳುತ್ತವೆ. ಆಮೇಲೆ ದೇವರ ಮುಂದೆ ದೀಪ ಹತ್ತುತ್ತದೆ. ದೇವರು ಆ ಸಂಜೆ ಕಾದದ್ದಕ್ಕೆ ಬೇಸರಪಟ್ಟಿರಲಾರ.

ಕೆಲವು ದಿನಗಳಲ್ಲಿ ಮೀನುಗಳು ಕೆಳಗಿಳಿದು ಹುಲ್ಲಿನ ನಡುವೆ ಮತ್ತೆ ಆಡತೊಡಗಿವೆ. ಎರಡು ಮಾತ್ರ ಉಳಿಯಲಿಲ್ಲ. ಅವುಗಳನ್ನು ಫಕೀರವ್ವ ತಾವೇ ತುಳಸಿಯ ಬುಡದಲ್ಲಿ ಹೂಳಿದರು.

ಮುಂದಿನ ಆಸೆ ಏನೆಂದು ಕೇಳಿದರೆ ದ್ರಾಕ್ಷಾಯಿಣಿ ಮಣ್ಣು ಜರಡಿ ಹಿಡಿಯುತ್ತಲೇ ಹೇಳುತ್ತಾರೆ: "ನಾ ತೊಟ್ಟಿ ಕಟ್ಟಿದ ಮನಿಯವರು ಒಬ್ಬರಿಗೊಬ್ಬರು ಹೆಪ್ಪ ಕೊಟ್ಟ ತಗೊಂಡ ಇರಬೇಕ್ರಿ. ನನ್ನ ಕರೀಬೇಕಂತೇನಿಲ್ಲ. ನಮ್ಮ ಮನಿಗೂ ಯಾರರೆ ಕೇಳಾಕ ಬರಲಿ."

ಒಳಗಿನಿಂದ ಫಕೀರವ್ವನ ದನಿ ಬರುತ್ತದೆ: "ಯಾರರೆ ಬರಲಿ. ದೀಪ ಹಚ್ಚೂದ್ರೊಳಗ ಬರ್ರಿ ಅಂತ ಹೇಳ."